ಇದಕ್ಕೆ ಕರೆಂಟೇ ಇಲ್ಲ ಟೀಚರ್: ತಂತ್ರಜ್ಞಾನವನ್ನು ಚಿಕ್ಕ ಮಕ್ಕಳು ಹೇಗೆ ನೋಡುತ್ತಾರೆ

ನಾನು ಮುಂಬೈಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಮೂರನೇ ಮತ್ತು ನಾಲ್ಕನೇ ತರಗತಿಯ ಮಕ್ಕಳಿಗೆ ಪಾಠ ಮಾಡುತ್ತೇನೆ. ಮುಂಬೈ ಮಹಾನಗರ ಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು. ಊರಲ್ಲಿರುವ ಎಷ್ಟೋ ಜನರಿಗೆ ಇದು ಗೊತ್ತೇ ಇರುವುದಿಲ್ಲ. ಪಠ್ಯಪುಸ್ತಕವೂ ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಪುಣೆಯ ಬಾಲಭಾರತಿಯಿಂದ ಕನ್ನಡದಲ್ಲೇ ಬರುತ್ತದೆ. ನನ್ನ ತರಗತಿಯಲ್ಲಿ ಎರಡು ಕಡೆಯ ಮಕ್ಕಳು ಜಾಸ್ತಿ. ಉಡುಪಿ, ಮಂಗಳೂರು ಕಡೆಯಿಂದ ಬಂದು ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುವವರ ಮಕ್ಕಳು. ವಿಜಯಪುರ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು. ಇಬ್ಬರ ಕನ್ನಡವೂ ಬೇರೆ, ಮನೆಯ ಸಾಮಾನೂ ಬೇರೆ. ಇದು ನನ್ನ ಪಾಠಕ್ಕೆ ತುಂಬಾ ಉಪಯೋಗಕ್ಕೆ ಬಂತು.

ಪರಿಸರ ಅಭ್ಯಾಸ ಕಲಿಸುವಾಗ ಬಟ್ಟೆ, ಮನೆ, ನೀರು, ಸಾರಿಗೆ, ಸಂಪರ್ಕ ಎಲ್ಲವೂ ಬರುತ್ತವೆ. ಮಕ್ಕಳಿಗೆ ಅವೆಲ್ಲ ಬೇರೆ ಬೇರೆ ಪಾಠಗಳು. ಆದರೆ ಅವುಗಳ ನಡುವೆ ಒಂದೇ ಎಳೆ ಓಡುತ್ತದೆ. ಜನರಿಗೆ ಏನೋ ಒಂದು ತೊಂದರೆ ಇರುತ್ತದೆ, ಅವರು ಯೋಚಿಸುತ್ತಾರೆ, ಕೈಗೆ ಸಿಕ್ಕಿದ್ದರಲ್ಲಿ ಏನನ್ನೋ ಮಾಡಿಕೊಳ್ಳುತ್ತಾರೆ. ಈ ಎಳೆ ಮಕ್ಕಳಿಗೆ ಕಾಣಬೇಕು ಎನ್ನುವುದು ನನ್ನ ಆಸೆ. ತಂತ್ರಜ್ಞಾನ ಅಂದರೆ ಅಂಗಡಿಯ ಗಾಜಿನ ಹಿಂದೆ ಇರುವ ದುಬಾರಿ ಸಾಮಾನು ಎಂದುಕೊಂಡ ಮಗು, ಅದನ್ನು ಯಾವತ್ತಾದರೂ ಕೊಳ್ಳಬೇಕು ಎಂದಷ್ಟೇ ಕನಸು ಕಾಣುತ್ತದೆ. ಅಪ್ಪ ಅಮ್ಮ ದಿನವೂ ಮಾಡುವ ಕೆಲಸದಲ್ಲೇ ಅದು ಇದೆ ಎಂದು ಕಂಡರೆ, ನಾನೂ ಏನಾದರೂ ಮಾಡಬಹುದಲ್ಲ ಎಂದು ಅನ್ನಿಸಲು ಶುರುವಾಗುತ್ತದೆ.

ಕಲಿಸುವ ಮೊದಲು ಅವರ ತಲೆಯಲ್ಲಿ ಏನಿದೆ ಎಂದು ತಿಳಿಯಬೇಕಿತ್ತು. "ತಂತ್ರಜ್ಞಾನ ಎಂದಾಗ ಮನಸ್ಸಿಗೆ ಬರುವುದನ್ನು ಚಿತ್ರ ಬರೆಯಿರಿ" ಎಂದೆ. ಮೊಬೈಲು, ಟಿವಿ, ಕಂಪ್ಯೂಟರು, ರಾಕೆಟ್ಟು, ಮೆಟ್ರೋ, ಚೌಕ ತಲೆಯ ರೋಬೋ. ಹೆಚ್ಚು ಕಡಿಮೆ ಎಲ್ಲ ಹಾಳೆಯಲ್ಲೂ ಇವೇ. ಮನುಷ್ಯರನ್ನು ಬರೆದವರು ಕಡಿಮೆ. ಬರೆದಲ್ಲೂ ಗಂಡಸರೇ.

ಚಿತ್ರದಿಂದ ಅಷ್ಟು ಗೊತ್ತಾಗುತ್ತದೆ, ಅದಕ್ಕಿಂತ ಜಾಸ್ತಿ ಗೊತ್ತಾಗುವುದಿಲ್ಲ. ಎಂಟು ವರ್ಷದ ಮಗು ತನಗೆ ಬರೆಯಲು ಬರುವುದನ್ನು, ಇಲ್ಲವೇ ಪಕ್ಕದವನು ಬರೆದದ್ದನ್ನು ಬರೆಯುತ್ತದೆ. ಚಪ್ಪಲಿ ಬರೆದಿಲ್ಲ ಎಂದ ಮಾತ್ರಕ್ಕೆ ಚಪ್ಪಲಿ ತಂತ್ರಜ್ಞಾನವಲ್ಲ ಎಂದು ಅದು ನಂಬಿದೆ ಎನ್ನಲಾಗದು. 1990ರ ದಶಕದಲ್ಲಿ ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಾದ ಪ್ರಾಥಮಿಕ ಶಾಲೆಗಳಲ್ಲಿ ಇದೇ ವಿಷಯ ಹುಡುಕಿದ ಟೀನಾ ಜಾರ್ವಿಸ್ ಮತ್ತು ಲಿಯೋನಿ ರೆನ್ನಿ ಎಂಬ ಸಂಶೋಧಕರು ಕೂಡ ಚಿತ್ರ ಒಂದನ್ನೇ ನೆಚ್ಚಿಕೊಳ್ಳಲಿಲ್ಲ. ಹಲವು ವಿಧಾನಗಳನ್ನು ಪಕ್ಕಪಕ್ಕ ಇಟ್ಟು ನೋಡಿದರು. ಹಾಗಾಗಿ ನಾನು ಕಾರ್ಡುಗಳನ್ನು ಮಾಡಿದೆ.

ಹಳೆಯ ಕ್ಯಾಲೆಂಡರಿನ ಹಿಂಬದಿ ಕತ್ತರಿಸಿ, ಒಂದೊಂದರ ಮೇಲೆ ಒಂದು ಚಿತ್ರ. ಮೊಬೈಲು, ಫ್ಯಾನು, ಲೋಕಲ್ ಟ್ರೇನು, ಬಾಂದ್ರಾ ವರ್ಲಿ ಸೀ ಲಿಂಕು ಸೇತುವೆ, ಚಪ್ಪಲಿ, ಕೊಡೆ, ಸ್ಟೀಲ್ ಡಬ್ಬಿ, ಈಳಿಗೆ ಮಣೆ, ಸೊಳ್ಳೆ ಪರದೆ, ಗಾಯದ ಪಟ್ಟಿ, ಪುಸ್ತಕ, ಇಡ್ಲಿ, ಅರಳಿ ಮರ, ಕಾಗೆ, ಮಿಂಚು. ಅಮೆರಿಕದ ಬಾಸ್ಟನ್‌ನಲ್ಲಿರುವ ವಿಜ್ಞಾನ ಮ್ಯೂಸಿಯಂ ಚಿಕ್ಕ ಮಕ್ಕಳಿಗಾಗಿ ಇಂಥದೇ ಒಂದು ಪಟ್ಟಿ ಮಾಡಿತ್ತು. ಅದರಲ್ಲಿ ಶೂ, ಲೋಟ, ಸೇತುವೆಗಳ ಜೊತೆ ಗಿಳಿ, ಓಕ್ ಮರ, ಮಿಂಚು ಕೂಡ ಇವೆ. ಆ ಉಪಾಯ ನನಗೆ ಹಿಡಿಸಿತು. ಓಕ್ ಮರದ ಜಾಗಕ್ಕೆ ಅರಳಿ ಬಂತು, ಗಿಳಿಯ ಜಾಗಕ್ಕೆ ಕಾಗೆ ಬಂತು.

ನೆಲದ ಮೇಲೆ ಸೀಮೆಸುಣ್ಣದಲ್ಲಿ ಮೂರು ವೃತ್ತ ಬರೆದೆ. ಹೌದು, ಅಲ್ಲ, ಗೊತ್ತಿಲ್ಲ. ಈ ಮೂರನೆಯ ವೃತ್ತವನ್ನು ಯಾರೂ ಬಿಡಬಾರದು ಎಂದು ಕೇಳಿಕೊಳ್ಳುತ್ತೇನೆ. ಅದಿಲ್ಲದಿದ್ದರೆ ಮಕ್ಕಳು ಟೀಚರ ಮುಖ ನೋಡಿ ಊಹಿಸುತ್ತಾರೆ. ಇಬ್ಬಿಬ್ಬರನ್ನು ಕರೆದು ಕೂರಿಸಿದೆ. ಕಾರ್ಡ್ ಇಡುವಾಗ ಅವರು ಆಡಿದ ಮಾತನ್ನು ಅವರದೇ ಕನ್ನಡದಲ್ಲಿ ಬರೆದುಕೊಂಡೆ. ಸರಿ ಎಂದು ತಲೆ ಆಡಿಸಲಿಲ್ಲ, ತಪ್ಪು ಎಂದು ಹುಬ್ಬೇರಿಸಲಿಲ್ಲ. ಕಾರ್ಡ್ ಯಾವ ವೃತ್ತಕ್ಕೆ ಹೋಯಿತು ಎನ್ನುವುದಕ್ಕಿಂತ ಅಲ್ಲಿಗೆ ಯಾಕೆ ಹೋಯಿತು ಎನ್ನುವುದು ಮುಖ್ಯ. ಆ "ಯಾಕೆ"ಗಳನ್ನು ಆಮೇಲೆ ಕೂತು ಓದಿದಾಗ ಮಕ್ಕಳು ಸುಮ್ನೆ ಏನೋ ಹೇಳುತ್ತಿಲ್ಲ, ಅವರಿಗೆ ಅವರದೇ ನಿಯಮಗಳಿವೆ ಎಂದು ತಿಳಿಯಿತು.

ಎಲ್ಲಕ್ಕಿಂತ ಗಟ್ಟಿಯಾದದ್ದು ಕರೆಂಟಿನ ನಿಯಮ. ಫ್ಯಾನು ಹೌದು, ಯಾಕೆಂದರೆ ಪ್ಲಗ್ ಇದೆ. ಚಪ್ಪಲಿ ಅಲ್ಲ. "ಇದಕ್ಕೆ ಕರೆಂಟೇ ಇಲ್ಲ ಟೀಚರ್" ಎಂದು ಒಬ್ಬಳು ನನಗೇ ಬುದ್ಧಿ ಹೇಳಿದಳು. ಈ ನಿಯಮವನ್ನು ಅವರು ಎಷ್ಟು ನಿಷ್ಠೆಯಿಂದ ಪಾಲಿಸುತ್ತಾರೆ ಎಂದರೆ ಮಿಂಚು ಕೂಡ "ಹೌದು" ವೃತ್ತಕ್ಕೆ ಹೋಯಿತು. ಮಿಂಚಿನಲ್ಲಿ ಕರೆಂಟ್ ಇದೆ ಅಲ್ವಾ? ತರ್ಕ ಸರಿಯಾಗಿಯೇ ಇದೆ. ಬಾಸ್ಟನ್ ಪಟ್ಟಿಯಲ್ಲಿ ಮಿಂಚು ಯಾಕಿದೆ ಎಂದು ಆಗ ಪೂರ್ತಿ ಅರ್ಥವಾಯಿತು.

ಎರಡನೆಯದು ಹೊಸತು ಹಳತಿನ ನಿಯಮ. ಅಜ್ಜಿಯ ಮನೆಯಲ್ಲಿ ಇರುವುದು ಯಾವುದೂ ತಂತ್ರಜ್ಞಾನ ಆಗಲಾರದು. ಮೂರನೆಯದು ಅಡುಗೆಮನೆಯ ನಿಯಮ. ಈಳಿಗೆ ಮಣೆ, ಇಡ್ಲಿ, ಡಬ್ಬಿ ಇವೆಲ್ಲ "ಅಮ್ಮ ಮಾಡುವುದಲ್ವಾ" ಎನ್ನುವ ಒಂದೇ ಮಾತಿಗೆ ಹೊರಗೆ ಬಿದ್ದವು. ಈ ಮಾತು ನನ್ನನ್ನು ಬಹಳ ಕಾಡಿತು. ಚಿತ್ರಗಳಲ್ಲಿ ಹೆಂಗಸರು ಯಾಕೆ ಇರಲಿಲ್ಲ ಎನ್ನುವುದಕ್ಕೆ ಉತ್ತರ ಇಲ್ಲೇ ಇತ್ತು.

ನಾಲ್ಕನೆಯದನ್ನು ವಿಜಯಪುರ ಕಡೆಯ ಒಬ್ಬ ಹುಡುಗ ಹೇಳಿದ. ಅವನ ಅಪ್ಪ ಅಮ್ಮ ಇಬ್ಬರೂ ಗಾರೆ ಕೆಲಸಕ್ಕೆ ಹೋಗುತ್ತಾರೆ. ಕಾರ್ಡುಗಳನ್ನು ಚಕಚಕನೆ ಇಡುತ್ತಿದ್ದ. ಯಾವ ಲೆಕ್ಕದಲ್ಲಿ ಇಡುತ್ತಿದ್ದೀಯಪ್ಪ ಎಂದು ಕೇಳಿದೆ. "ನಮ್ಮ ಮನ್ಯಾಗ ಇರಲಾರದ್ದು ಟೆಕ್ನಾಲಜಿ ರೀ ಟೀಚರ್" ಎಂದ. ಅವನ ಲೆಕ್ಕದಲ್ಲಿ ಸೊಳ್ಳೆ ಪರದೆ "ಹೌದು", ಕೊಡೆ "ಅಲ್ಲ". ಆ ಹುಡುಗ ತಾನು ಕಂಡದ್ದನ್ನೇ ಪ್ರಾಮಾಣಿಕವಾಗಿ ಹೇಳಿದ್ದ. ತಂತ್ರಜ್ಞಾನ ಎಂದರೆ ನಮ್ಮದಲ್ಲದ್ದು ಎಂದು ಎಂಟು ವರ್ಷಕ್ಕೇ ತೀರ್ಮಾನ ಮಾಡಿಬಿಟ್ಟಿದ್ದ.

ಇದು ಮಕ್ಕಳ ದಡ್ಡತನ ಎಂದು ಯಾರೂ ತಿಳಿಯಬೇಡಿ. 2001ರಲ್ಲಿ ಸಮೀಕ್ಷೆ ನಡೆಸುವ ಗ್ಯಾಲಪ್ ಸಂಸ್ಥೆ ಅಮೆರಿಕದ ದೊಡ್ಡವರನ್ನು ಇದೇ ವಿಷಯ ಕೇಳಿದಾಗ ಮೂವರಲ್ಲಿ ಇಬ್ಬರು ಮೊದಲಿಗೆ ಹೇಳಿದ್ದು ಕಂಪ್ಯೂಟರ್ ಎಂದೇ. ನಮ್ಮ ಶಿಕ್ಷಕರ ಕೋಣೆಯಲ್ಲೂ ಉತ್ತರ ಬೇರೆ ಇರಲಿಲ್ಲ. ಮಕ್ಕಳು ನಮ್ಮಿಂದಲೇ ಕಲಿತಿದ್ದಾರೆ.

ಇಷ್ಟಾದ ಮೇಲೆ ಸುಲಭದ ದಾರಿಯೊಂದಿತ್ತು. "ಮನುಷ್ಯ ತನ್ನ ಅಗತ್ಯಕ್ಕಾಗಿ ಮಾಡಿಕೊಂಡದ್ದೆಲ್ಲ ತಂತ್ರಜ್ಞಾನ" ಎಂದು ಬೋರ್ಡಿನ ಮೇಲೆ ಬರೆದು ಐದು ಸಲ ಓದಿಸುವುದು. ನಾನು ಹಾಗೆ ಮಾಡುವುದಿಲ್ಲ. ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ಕಾರ್ಡ್ ಕೊಟ್ಟರೆ ಮತ್ತೆ ಪ್ಲಗ್ ಹುಡುಕುತ್ತಾರೆ. ಅವರ ನಿಯಮ ಅವರ ಕೈಯಲ್ಲೇ ಮುರಿಯಬೇಕು.

ಒಂದು ಬಟ್ಟೆ ಚೀಲದಲ್ಲಿ ಸಣ್ಣ ಸಾಮಾನುಗಳನ್ನು ತುಂಬಿ ತಂದೆ. ಸೇಫ್ಟಿ ಪಿನ್ನು, ಬಟ್ಟೆ ಒಣಹಾಕುವ ಕ್ಲಿಪ್ಪು, ಹಳೆ ಬ್ಯಾಗಿನ ಜಿಪ್ಪು, ಪೆನ್ಸಿಲು, ಪೆನ್ನಿನ ಮುಚ್ಚಳ, ಗುಂಡಿ, ಬಾಟಲಿಯ ಬಿರಡೆ. ಜೋಡಿಗೊಂದು ಸಾಮಾನು, ಮೂರು ಪ್ರಶ್ನೆ. ಯಾರಿಗೆ ಏನು ತೊಂದರೆ ಇತ್ತು ಎಂದು ಇದನ್ನು ಮಾಡಿದರು? ಯಾವುದರಿಂದ ಮಾಡಿದ್ದಾರೆ, ಅದರಿಂದಲೇ ಯಾಕೆ? ಇದು ಇಲ್ಲದಿದ್ದರೆ ನೀನು ಏನು ಮಾಡುತ್ತಿದ್ದೆ?

ಎರಡನೆಯ ಪ್ರಶ್ನೆಯಲ್ಲಿ ಮಕ್ಕಳು ನನ್ನನ್ನು ಬೆರಗುಗೊಳಿಸಿದರು. ಪಿನ್ನನ್ನು ಹಿಡಿದವರು ಅದರ ಬುಡದ ಸುರುಳಿಯನ್ನು ಕಂಡುಹಿಡಿದರು. ಆ ಸುರುಳಿ ತಳ್ಳುವುದರಿಂದಲೇ ಪಿನ್ನು ತೆರೆದುಕೊಳ್ಳುತ್ತದೆ, ತಳ್ಳುತ್ತಲೇ ಇರುವುದರಿಂದಲೇ ಮುಚ್ಚಿದಾಗ ಕೊಕ್ಕೆಯಲ್ಲಿ ಗಟ್ಟಿಯಾಗಿ ಕೂರುತ್ತದೆ. ನ್ಯೂಯಾರ್ಕ್‌ನ ವಾಲ್ಟರ್ ಹಂಟ್ 1849ರಲ್ಲಿ ಪೇಟೆಂಟ್ ಪಡೆದದ್ದು ಈ ಉಪಾಯಕ್ಕೇ ಎಂದು ಆಗ ಹೇಳಿದೆ. ಮೊದಲೇ ಹೇಳಿದ್ದರೆ ಅದು ಒಂದು ಹೆಸರು, ಒಂದು ಇಸವಿ ಆಗಿ ಉಳಿಯುತ್ತಿತ್ತು. ಈಗ ಅದು ಅವರು ಬೆರಳಲ್ಲಿ ಒತ್ತಿ ನೋಡಿದ ಸುರುಳಿ. ಪೆನ್ಸಿಲಿಗೆ ಆರು ಮುಖ ಇರುವುದು ಮೇಜಿನ ಮೇಲಿಂದ ಉರುಳದಿರಲಿ ಎಂದು, ಎನ್ನುವುದನ್ನು ಅವರೇ ಉರುಳಿಸಿ ನೋಡಿ ಹೇಳಿದರು. ಪೆನ್ನಿನ ಮುಚ್ಚಳದ ತುದಿಯ ತೂತು ಮಾತ್ರ ಯಾರಿಗೂ ಹೊಳೆಯಲಿಲ್ಲ. ಮುಚ್ಚಳ ಬಾಯಲ್ಲಿಟ್ಟುಕೊಂಡ ಮಗು ಅದನ್ನು ನುಂಗಿದರೆ, ಗಂಟಲಲ್ಲಿ ಸಿಕ್ಕಿಕೊಂಡರೂ ಸ್ವಲ್ಪ ಗಾಳಿ ಆಡಲಿ ಎಂದು ಆ ತೂತು. ಇದನ್ನು ಹೇಳಿದಾಗ ತರಗತಿ ಒಂದು ಕ್ಷಣ ಸುಮ್ಮನಾಯಿತು. ತಮ್ಮನ್ನು ಕಾಣದ ಯಾರೋ ಒಬ್ಬರು ತಮ್ಮಂಥ ಮಕ್ಕಳ ಬಗ್ಗೆ ಯೋಚಿಸಿದ್ದಾರೆ ಎನ್ನುವುದು ಅವರಿಗೆ ಹೊಸದು. ಆಮೇಲೆ ಎಲ್ಲರೂ ತಮ್ಮ ತಮ್ಮ ಪೆನ್ನು ತೆಗೆದು ತೂತು ಹುಡುಕಿದರು.

ಕರೆಂಟಿನ ನಿಯಮ ಸಡಿಲವಾದದ್ದು ರುಬ್ಬುವ ಕಲ್ಲಿನಿಂದ. ಹೋಟೆಲಿನಲ್ಲಿ ಕೆಲಸ ಮಾಡುವವರೊಬ್ಬರ ಮಗಳು ತರಗತಿಯಲ್ಲಿ ಗ್ರೈಂಡರಿನ ವಿಷಯ ಎತ್ತಿದಳು. ಗ್ರೈಂಡರ್ ತಂತ್ರಜ್ಞಾನ, ಊರಲ್ಲಿ ಅಜ್ಜಿಯ ಮನೆಯ ರುಬ್ಬುವ ಕಲ್ಲು ಅಲ್ಲ. ಎರಡೂ ಏನು ಮಾಡುತ್ತವೆ ಎಂದು ಕೇಳಿದೆ. ಅಕ್ಕಿ, ಉದ್ದು ರುಬ್ಬುತ್ತವೆ. ರುಬ್ಬುವುದು ಯಾವುದು? ಕಲ್ಲು. ಗ್ರೈಂಡರಿನಲ್ಲಿ? ಅದರಲ್ಲೂ ಕಲ್ಲು. ಹಾಗಾದರೆ ಕರೆಂಟ್ ಏನು ಮಾಡುತ್ತದೆ? ಅವಳು ತುಂಬ ಹೊತ್ತು ಯೋಚಿಸಿ, "ಕರೆಂಟು ಅಜ್ಜಿಯ ಕೈ" ಎಂದಳು.

ನಾನು ಅಲ್ಲಿಗೆ ಬಿಡಲಿಲ್ಲ. ಎರಡನ್ನೂ ನೋಡಿ ಬಂದು ಬೇರೆ ಏನು ವ್ಯತ್ಯಾಸ ಇದೆ ಹೇಳು ಎಂದೆ. ಅಪ್ಪನ ಜೊತೆ ಹೋಟೆಲಿನ ಅಡುಗೆಮನೆಗೆ ಹೋಗಿ ನಿಂತು ನೋಡಿದಳಂತೆ. ಅಜ್ಜಿಯ ಮನೆಯಲ್ಲಿ ಕೆಳಗಿನ ಕಲ್ಲು ಅಲುಗದೆ ಕೂತಿರುತ್ತದೆ, ಮೇಲಿನ ಗುಂಡುಕಲ್ಲನ್ನು ತಿರುಗಿಸುತ್ತಾರೆ. ಹೋಟೆಲಿನಲ್ಲಿ ಗುಂಡುಕಲ್ಲು ಇದ್ದ ಜಾಗದಲ್ಲೇ ಇರುತ್ತದೆ, ಕೆಳಗಿನ ದೊಡ್ಡ ಕಲ್ಲೇ ತಿರುಗುತ್ತದೆ. ನಾನು ಇಷ್ಟು ವರ್ಷ ಹೋಟೆಲುಗಳಲ್ಲಿ ದೋಸೆ ತಿಂದಿದ್ದೇನೆ, ಈ ತಿರುವು ನನ್ನ ಗಮನಕ್ಕೆ ಬಂದಿರಲಿಲ್ಲ! ಕಾರಣವನ್ನು ಎಲ್ಲರೂ ಸೇರಿ ಹುಡುಕಿದೆವು. ಕೆಳಗಿನ ಭಾರದ ಕಲ್ಲನ್ನು ಕೈಯಿಂದ ತಿರುಗಿಸಲು ಆಗದು, ಮೋಟಾರಿಗೆ ಆಗುತ್ತದೆ. ಮೋಟಾರು ಕೆಳಗೆ ಇದ್ದರೆ ಮೇಲೆ ಹಿಟ್ಟು ಹಾಕಲು, ಬಾಚಲು ಜಾಗ ಸಿಗುತ್ತದೆ. 1950ರ ದಶಕದಲ್ಲಿ ಕೊಯಮತ್ತೂರಿನಲ್ಲಿ ಈ ಗ್ರೈಂಡರ್ ಮಾಡಿದವರು ಅಜ್ಜಿಯ ಕಲ್ಲನ್ನು ಬಿಸಾಡಿರಲಿಲ್ಲ, ಅದನ್ನೇ ಮತ್ತೊಂದು ರೀತಿಯಲ್ಲಿ ಯೋಚಿಸಿದ್ದರು.

ಅಷ್ಟರಲ್ಲಿ ಬಯಲುಸೀಮೆಯ ಮಕ್ಕಳು ಸುಮ್ಮನಿರಲಿಲ್ಲ. ಜೋಳ ಬೀಸುವ ಬೀಸುಕಲ್ಲು ತಮ್ಮ ಕಡೆ ಇದೆ, ಅದು ನುಣುಪಾದರೆ ಹಿಟ್ಟು ಆಗುವುದಿಲ್ಲ, ಆಗ ಉಳಿ ಸುತ್ತಿಗೆಯಿಂದ ಕುಟ್ಟಿಸಿ ಮತ್ತೆ ತರಿ ಮಾಡಿಸಬೇಕು ಎಂದು ವಿವರಿಸಿದರು. ಕಲ್ಲು ಇದ್ದರೆ ಸಾಲದು, ಕಲ್ಲಿನ ಮೈ ಹೇಗಿರಬೇಕು ಎಂದು ಯಾರಿಗೋ ಗೊತ್ತಿರಬೇಕು. ಈ ಮಾತನ್ನು ನಾನು ಬೋರ್ಡಿನ ಮೇಲೆ ಬರೆದೆ, ಅವರದೇ ಮಾತಿನಲ್ಲಿ.

ಇಡ್ಲಿಯ ಕಾರ್ಡ್ ಬಗ್ಗೆ ಆ ದಿನ ಶುರುವಾದ ಜಗಳ ಇನ್ನೂ ಮುಗಿದಿಲ್ಲ. ಹಿಟ್ಟು ರಾತ್ರಿ ಹುದುಗು ಬರುವುದು ಕಣ್ಣಿಗೆ ಕಾಣದ ಜೀವಿಗಳಿಂದ, ಅದು ತಾನಾಗೇ ಆಗುವುದು ಎಂದು ಒಂದು ಗುಂಪು. ಎಷ್ಟು ಉದ್ದು, ಎಷ್ಟು ಅಕ್ಕಿ, ಎಷ್ಟು ಹೊತ್ತು ಮುಚ್ಚಿಡಬೇಕು ಎಂದು ಅಮ್ಮನಿಗೆ ಗೊತ್ತಿಲ್ಲದಿದ್ದರೆ ಆಗುತ್ತಿತ್ತಾ ಎಂದು ಇನ್ನೊಂದು ಗುಂಪು. ನಾನು ಎರಡನೆಯ ಗುಂಪಿನವಳು. ಆದರೆ ಅದನ್ನು ಹೇಳಲಿಲ್ಲ.

ಆಮೇಲೆ ಅವರನ್ನು ಮನೆಯ ಊಟದ ಡಬ್ಬಿಯನ್ನು ಆಫೀಸುಗಳಿಗೆ ತಲುಪಿಸುವ ಡಬ್ಬಾವಾಲರನ್ನು ನೋಡಲು ಕರೆದುಕೊಂಡು ಹೋದೆ. ಹನ್ನೊಂದೂವರೆ ಸುಮಾರಿಗೆ ಚರ್ಚ್‌ಗೇಟ್ ಸ್ಟೇಷನ್ ಹೊರಗೆ ನಿಂತರೆ ಸಾಕು. ಟ್ರೇನಿನಿಂದ ಇಳಿದ ಡಬ್ಬಿಗಳನ್ನು ಫುಟ್‌ಪಾತ್ ಮೇಲೆ ಹರಡಿ, ಮುಚ್ಚಳದ ಗುರುತು ನೋಡಿ ಬೇರೆ ಬೇರೆ ಮಾಡಿ, ಸೈಕಲ್ಲಿಗೆ ಗಾಡಿಗೆ ಹೇರಿಕೊಂಡು ಹೊರಟುಬಿಡುತ್ತಾರೆ. 1890ರಿಂದ ಈ ಕೆಲಸ ನಡೆದು ಬಂದಿದೆ. ಡಬ್ಬಿ ಯಾವ ಸ್ಟೇಷನ್ನಿಂದ ಬಂತು, ಯಾವ ಕಡೆಗೆ ಹೋಗಬೇಕು, ಯಾವ ಕಟ್ಟಡ, ಎಷ್ಟನೇ ಮಹಡಿ, ಇಷ್ಟೂ ಆ ಮುಚ್ಚಳದ ಬಣ್ಣ, ಅಕ್ಷರ, ಅಂಕಿಗಳಲ್ಲಿ ಇದೆ. ವಿಳಾಸ ಬರೆದಿಲ್ಲ, ಹೆಸರು ಬರೆದಿಲ್ಲ. ಒಂದು ಡಬ್ಬಿ ಹಲವು ಕೈ ದಾಟುತ್ತದೆ. ಪ್ರತಿ ಕೈಗೂ ಆ ಗುರುತಿನಲ್ಲಿ ತನಗೆ ಬೇಕಾದಷ್ಟು ಮಾತ್ರ ಓದಿದರೆ ಸಾಕು.

"ಇದ್ರಾಗ ಮಷೀನ್ ಎಲ್ಲೈತ್ರಿ?" ಎಂದು ಆ ವಿಜಯಪುರದ ಹುಡುಗ ಕೇಳಿದ. ಇದೇ ಪ್ರಶ್ನೆಗಾಗಿ ನಾನು ಅಲ್ಲಿಗೆ ಹೋಗಿದ್ದು. ಟ್ರೇನು ಇದೆ, ಸೈಕಲ್ಲು ಇದೆ, ಆದರೆ ಡಬ್ಬಿ ದಾರಿ ತಪ್ಪದಂತೆ ನೋಡುವುದು ಅವೆರಡೂ ಅಲ್ಲ. ಒಂದು ಗುರುತು, ಅದನ್ನು ಓದುವ ಕ್ರಮ, ಯಾರು ಎಲ್ಲಿ ಯಾವ ಹೊತ್ತಿಗೆ ನಿಲ್ಲಬೇಕು ಎನ್ನುವ ಒಪ್ಪಂದ. ಮುಟ್ಟಲಾಗದ್ದು ಕೂಡ ತಂತ್ರಜ್ಞಾನ ಆಗಬಹುದು ಎನ್ನುವುದು ಈ ವಯಸ್ಸಿಗೆ ಕಷ್ಟದ ವಿಚಾರ. ಬಾಯಲ್ಲಿ ಹೇಳಿದರೆ ತಲೆಗೆ ಹೋಗದು. ಫುಟ್‌ಪಾತ್ ಮೇಲೆ ಕಣ್ಣೆದುರು ಕಂಡರೆ ಹೋಗುತ್ತದೆ.

ಶಾಲೆಗೆ ಬಂದು ನೀರಿನ ಬಾಟಲಿಗಳಿಗೆ ತಮ್ಮದೇ ಗುರುತಿನ ಪದ್ಧತಿ ಮಾಡಿದರು. ಷರತ್ತು ಒಂದೇ: ಇನ್ನೂ ಓದಲು ಬಾರದ ಒಂದನೇ ತರಗತಿಯ ಮಗು ಬಾಟಲಿಯನ್ನು ಸರಿಯಾದ ಬೆಂಚಿಗೆ ತಲುಪಿಸಬೇಕು. ಮೊದಲ ಪದ್ಧತಿಯಲ್ಲಿ ಹಳದಿಯೂ ಕಿತ್ತಳೆಯೂ ಇತ್ತು, ನಮ್ಮ ಕಾರಿಡಾರಿನ ಮಬ್ಬಿನಲ್ಲಿ ಚಿಕ್ಕವರಿಗೆ ಎರಡೂ ಒಂದೇ ಆಗಿ ಕಂಡವು. ಬಣ್ಣ ಬಿಟ್ಟು ಆಕಾರಕ್ಕೆ ಬಂದರು. ಸಾಲಿಗೆ ಮೀನು, ಹೂವು, ಚಂದ್ರ. ಬೆಂಚಿಗೆ ಚುಕ್ಕಿಗಳು. ಬಳಸುವವರ ಕೈಗೆ ಕೊಟ್ಟು ನೋಡದೆ ಯಾವುದೂ ಮುಗಿಯುವುದಿಲ್ಲ ಎನ್ನುವುದನ್ನು ನಾನು ಹೇಳಬೇಕಾಗಲಿಲ್ಲ.

ಕಟ್ಟುವ ಕೆಲಸವೂ ಒಂದು ಬೇಕಿತ್ತು. ಮಾನ್‌ಖುರ್ದ್‌ನಲ್ಲಿರುವ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಸಂಶೋಧಕರು ಹಿರಿಯ ಪ್ರಾಥಮಿಕ ಹಂತದ ಮಕ್ಕಳಿಂದ, ಪೇಟೆಯವರು ಹಳ್ಳಿಯವರು ಇಬ್ಬರಿಂದಲೂ, ಚೀಲ, ಗಾಳಿಯಂತ್ರದ ಮಾದರಿ, ಬೊಂಬೆ ಮಾಡಿಸಿದ್ದರು. ಮೊದಲು ಯೋಚಿಸಿ ಚಿತ್ರ ಬರೆಯುವುದು, ಆಮೇಲೆ ಮಾಡುವುದು. ನನ್ನ ಮಕ್ಕಳು ಇನ್ನೂ ಚಿಕ್ಕವರು. ಹಾಗಾಗಿ ಇಡೀ ಚೀಲದ ಬದಲು ಚೀಲದ ಪಟ್ಟಿಯನ್ನಷ್ಟೇ ತೆಗೆದುಕೊಂಡೆ. ಪುಸ್ತಕದ ಚೀಲದ ಪಟ್ಟಿ ಭುಜ ಕಚ್ಚುತ್ತದೆ ಎನ್ನುವುದು ಎಲ್ಲರ ದೂರು. ಹಳೆ ಸೀರೆ, ಸುತಲಿ ದಾರ, ಪೇಪರು, ರಟ್ಟು ಕೊಟ್ಟೆ.

ಚಿತ್ರ ಬರೆಯುವಾಗ ಒಂದು ವಿಷಯ ಗಮನಿಸಿ. ಈ ವಯಸ್ಸಿನವರು ಮುಗಿದ ಸಾಮಾನಿನ ಅಂದವನ್ನು ಬರೆಯುತ್ತಾರೆ, ಹೂವು ಬಳ್ಳಿ ಎಲ್ಲ ಇರುತ್ತದೆ. ಪಟ್ಟಿ ಚೀಲಕ್ಕೆ ಹೇಗೆ ಅಂಟಿಕೊಂಡಿದೆ ಎನ್ನುವುದು ಇರುವುದಿಲ್ಲ. ಪ್ರತಿ ಹಾಳೆಯ ಮೇಲೂ ಬೆರಳಿಟ್ಟು "ಇಲ್ಲಿ ಹೇಗೆ ಕೂಡಿಸುತ್ತೀಯ?" ಎಂದು ಕೇಳಿದೆ. ಈ ಒಂದೇ ಪ್ರಶ್ನೆಯಿಂದ ಚಿತ್ರ ಬದಲಾಗುತ್ತದೆ. ಗಂಟು ಬರುತ್ತದೆ, ಹೊಲಿಗೆ ಬರುತ್ತದೆ, ತೂತು ಬರುತ್ತದೆ.

ಸುತಲಿಯ ಪಟ್ಟಿ ಮಾಡಿದವರ ಭುಜದ ಮೇಲೆ ಕೆಂಪು ಗೆರೆ ಮೂಡಿತು. ಸೀರೆಯನ್ನು ಅಗಲವಾಗಿ ಮಡಚಿದವರಿಗೆ ಅಷ್ಟೇ ಭಾರ ಹಗುರ ಅನ್ನಿಸಿತು. ಭಾರ ಕಡಿಮೆ ಆಗಿಲ್ಲ, ಜಾಗ ಜಾಸ್ತಿ ಆಗಿದೆ. ಇದನ್ನು ಹೇಗೆ ಹೇಳುವುದು ಎಂದು ನಾವೆಲ್ಲ ಪದ ಹುಡುಕುತ್ತಿದ್ದಾಗ ಆ ವಿಜಯಪುರದ ಹುಡುಗ, "ನಮ್ಮವ್ವನ ಸಿಂಬಿ ಇದ್ದಂಗ" ಎಂದ. ಮರುದಿನ ಸಿಂಬಿಯನ್ನೇ ತಂದ. ಹಳೆ ಬಟ್ಟೆಯನ್ನು ಸುತ್ತಿ ಬಳೆಯಂತೆ ಮಾಡಿದ್ದು. ಸಿಮೆಂಟಿನ ಪುಟ್ಟಿ ಹೊರುವಾಗ ತಲೆಯ ಮೇಲೆ ಇಟ್ಟುಕೊಳ್ಳುವುದು. ಅದು ಇಲ್ಲದಿದ್ದರೆ ಪುಟ್ಟಿಯ ಅಂಚು ತಲೆಗೆ ಒತ್ತುತ್ತದೆ, ಪುಟ್ಟಿ ವಾಲುತ್ತದೆ. ದುಂಡಗೆ ಯಾಕೆ, ನಡುವೆ ತೂತು ಯಾಕೆ ಎಂದು ಉಳಿದವರು ಕೇಳಿದ್ದಕ್ಕೆಲ್ಲ ಅವನೇ ಉತ್ತರ ಕೊಟ್ಟ. ತಲೆಯೂ ದುಂಡಗೆ, ಪುಟ್ಟಿಯ ತಳವೂ ದುಂಡಗೆ, ನಡುವೆ ತೂತು ಇದ್ದರೆ ಎರಡೂ ಕೂತುಕೊಳ್ಳುತ್ತವೆ.

ಪಾಲಕರ ಸಭೆಗೆ ಅವನ ತಾಯಿ ಬಂದಾಗ ಈ ವಿಷಯ ಹೇಳಿದೆ. "ಇದನ್ನೇನ್ ಕಲಸ್ತೀರಿ ಟೀಚರ್, ಇದು ಎಲ್ಲಾರಿಗೂ ಬರ್ತೈತಿ" ಎಂದರು. ನಾನು ಬಿಡದೆ ಕೇಳಿದೆ. ಆಗ ಒಂದೊಂದಾಗಿ ಹೊರಬಂತು. ಒದ್ದೆ ಕಾಂಕ್ರೀಟಿಗೆ ದಪ್ಪ ಸಿಂಬಿ ಬೇಕು. ಇಟ್ಟಿಗೆಗಾದರೆ ಸಿಂಬಿಯ ಮೇಲೆ ಒಂದು ಹಲಗೆ. ಬೇಸಿಗೆಯಲ್ಲಿ ಬಟ್ಟೆಯನ್ನು ಒದ್ದೆ ಮಾಡಿ ಸುತ್ತಿಕೊಂಡರೆ ತಂಪು. ಇಷ್ಟು ಲೆಕ್ಕ ಇಟ್ಟುಕೊಂಡು ಕೆಲಸ ಮಾಡುವ ಹೆಣ್ಣುಮಗಳು ತನಗೆ ಏನೂ ಗೊತ್ತಿಲ್ಲ ಎನ್ನುತ್ತಾಳೆ. ಮಗ ಪಕ್ಕದಲ್ಲಿ ನಿಂತು ಎಲ್ಲ ಕೇಳಿಸಿಕೊಂಡ. ಅವನು ಕೇಳಿಸಿಕೊಳ್ಳಲಿ ಎಂದೇ ನಾನು ಅಷ್ಟು ಕೆದಕಿ ಕೇಳಿದ್ದು.

ಕೊನೆಗೆ ಮತ್ತೆ ಅದೇ ಕಾರ್ಡು, ಅದೇ ಮೂರು ವೃತ್ತ. ಚಪ್ಪಲಿ, ಕೊಡೆ, ಡಬ್ಬಿ, ಈಳಿಗೆ ಮಣೆ "ಹೌದು"ಗೆ ಬಂದವು. ಪುಸ್ತಕ ಬಂದದ್ದು ಡಬ್ಬಿಯ ಗುರುತನ್ನು ನೆನಪಿಸಿಕೊಂಡವರಿಂದ. ಅಕ್ಷರವೂ ಗುರುತೇ ಅಲ್ವಾ ಎಂದರು. ಮಿಂಚು ಮಾತ್ರ ಜಗ್ಗಲಿಲ್ಲ, ಕೆಲವರು ಅದನ್ನು "ಹೌದು"ವಿನಲ್ಲೇ ಇಟ್ಟರು. ಮಿಂಚನ್ನು ಯಾರು ಮಾಡಿದರು ಎಂದು ಕೇಳಿದಾಗ ಒಂದಿಬ್ಬರು "ಗೊತ್ತಿಲ್ಲ"ಕ್ಕೆ ಸರಿಸಿದರು, ಉಳಿದವರು ದೇವರು ಎಂದರು. ಒಂದೇ ಪಾಠದಲ್ಲಿ ಎಲ್ಲ ಬದಲಾಗಬೇಕು ಎಂದು ನಾನು ನಿರೀಕ್ಷಿಸುವುದಿಲ್ಲ.

ಇನ್ನೊಂದು ಕಡೆಗೂ ಜಾರುತ್ತಾರೆ, ಅದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಹುಮ್ಮಸ್ಸು ಬಂದ ಮೇಲೆ ಎಲ್ಲವೂ ತಂತ್ರಜ್ಞಾನವೇ ಆಗಿಬಿಡುತ್ತದೆ. ಅರಳಿ ಮರವೂ ಬಂತು, "ನೆರಳು ಕೊಡುತ್ತದಲ್ಲ" ಎಂದು. ಅದಕ್ಕೆ ನಾನು ಮರದ ಕಾರ್ಡಿನ ಪಕ್ಕ ಮರದ ಬೆಂಚಿನ ಚಿತ್ರ ಇಟ್ಟೆ. ಉಪಯೋಗಕ್ಕೆ ಬರುವುದು ಬೇರೆ, ಉಪಯೋಗಕ್ಕೆಂದು ಮಾಡಿದ್ದು ಬೇರೆ ಎಂದು ಕೂಡಲೇ ಹಿಡಿದರು.

ಕಾಗೆಯ ವಿಷಯ ಅಷ್ಟು ಸುಲಭವಾಗಿ ಮುಗಿಯಲಿಲ್ಲ. ಕಾಗೆ ಅಲ್ಲ, ಆದರೆ ಕಾಗೆಯ ಗೂಡು ಹೌದು ಎಂದಳು ಒಬ್ಬಳು. ಮುಂಬೈಯ ಕಾಗೆಗಳು ಕಡ್ಡಿಯ ಜೊತೆ ತಂತಿ ತುಂಡುಗಳನ್ನು ಹೆಕ್ಕಿ ತಂದು ಗೂಡು ಕಟ್ಟುತ್ತವೆ. ನಮ್ಮ ಶಾಲೆಯ ಕಿಟಕಿಯಿಂದಲೇ ಕಾಣುತ್ತದೆ. "ಅದಕ್ಕೂ ತೊಂದರೆ ಇತ್ತು, ಅದೂ ಸಾಮಾನು ಹುಡುಕಿತು, ಅದೂ ಕಟ್ಟಿತು." ನನ್ನ ಮೂರು ಪ್ರಶ್ನೆಗಳನ್ನೇ ನನಗೆ ಒಪ್ಪಿಸಿದಳು. 1960ರಲ್ಲಿ ಪ್ರಾಣಿ ವಿಜ್ಞಾನಿ ಜೇನ್ ಗುಡಾಲ್ ಆಫ್ರಿಕಾದ ಕಾಡಿನಲ್ಲಿ ಚಿಂಪಾಂಜಿಗಳು ಕಡ್ಡಿಯ ಎಲೆ ಕಿತ್ತು ಗೆದ್ದಲು ಹಿಡಿಯುವುದನ್ನು ಕಂಡ ಕಥೆ ಹೇಳಿದೆ. ನ್ಯೂ ಕ್ಯಾಲೆಡೋನಿಯಾ ದ್ವೀಪದ ಕಾಗೆಗಳು ರೆಂಬೆಯಿಂದ ಕೊಕ್ಕೆ ಮಾಡಿಕೊಂಡು ಹುಳ ಎಳೆಯುತ್ತವೆ ಎಂದೂ ಹೇಳಿದೆ. ನಮ್ಮ ತರಗತಿಯ ಮಟ್ಟಿಗೆ ಮನುಷ್ಯರು ಮಾಡಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ, ಆದರೆ ನಿನ್ನ ಪ್ರಶ್ನೆಯ ಮೇಲೆ ದೊಡ್ಡವರೂ ವಾದ ಮಾಡುತ್ತಾರೆ ಎಂದೆ. ಅವಳ ಕಾರ್ಡನ್ನು ಎರಡು ವೃತ್ತಗಳ ನಡುವಿನ ಗೆರೆಯ ಮೇಲೆ ಇಡಿಸಿದೆ.

ಬರುವ ವರ್ಷದ ಮಕ್ಕಳಿಗೆ ಒಂದು ಹೊಸ ಕಾರ್ಡ್ ಸೇರಿಸುತ್ತಿದ್ದೇನೆ, ತರಕಾರಿ ಗಾಡಿಯ ಮೇಲೆ ಅಂಟಿಸಿರುವ ಕ್ಯೂಆರ್ ಕೋಡ್. ಮಕ್ಕಳು ಅದನ್ನು ಮೊಬೈಲಿನ ಜೊತೆ "ಹೌದು"ವಿಗೆ ಹಾಕುತ್ತಾರೆ ಎಂದು ಗೊತ್ತು. ಆದರೆ ಆ ಸ್ಟಿಕ್ಕರಿಗೆ ಕರೆಂಟ್ ಎಲ್ಲಿದೆ? ಅದು ಬರೀ ಕಾಗದದ ಮೇಲಿನ ಕಪ್ಪು ಬಿಳಿ ಗುರುತು. 1994ರಲ್ಲಿ ಜಪಾನಿನ ಡೆನ್ಸೋ ಕಂಪನಿ ಅದನ್ನು ಮಾಡಿದ್ದು ಕಾರಿನ ಬಿಡಿಭಾಗಗಳು ಯಾವುವು, ಎಲ್ಲಿವೆ ಎಂದು ಗುರುತಿಡಲು. ಅದರ ಪಕ್ಕದಲ್ಲಿ ಡಬ್ಬಿಯ ಮುಚ್ಚಳವನ್ನು ಇಟ್ಟು, ಎರಡರಲ್ಲೂ ಒಂದೇ ಥರ ಇರುವುದು ಏನು ಎಂದು ಕೇಳಿ ಶುರು ಮಾಡಬೇಕು ಎಂದಿದ್ದೇನೆ.